ಹಳೆಯ ಡಿಜಿಟಲ್ ವಾಕಿಟಾಕಿಗೆ ಹೊಸ ವಿದ್ಯೆ ಕಲಿಸಬಹುದೇ?

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಒಂದು ಪೊಲೀಸ್ ಠಾಣೆ ಇದೆ. ಹಳ್ಳಿಯ ಜಾತ್ರೆ, ಚುನಾವಣೆ, ರಾತ್ರಿಯ ರಸ್ತೆ ಅಪಘಾತ, ಹಳ್ಳ ಉಕ್ಕಿ ದಾರಿ ಕಡಿದ ಸುದ್ದಿ, ಇಂಥವೆಲ್ಲ ಹೊತ್ತು ಗೊತ್ತಿಲ್ಲದೆ ಬರುವ ಊರು ಅದು. ಮೊಬೈಲ್ ಟವರಿಗೆ ಕರೆಂಟು ಹೋಗಿ, ಅದರ ಬ್ಯಾಟರಿಯೂ ಮುಗಿದರೆ ಫೋನು ಮೂಕವಾಗುತ್ತದೆ. ವೈರ್‌ಲೆಸ್ ಸೆಟ್ಟು ಹಾಗಲ್ಲ. ಎರಡು ಸೆಟ್ಟು ತೀರ ದೂರವಿಲ್ಲದೆ, ಎರಡರಲ್ಲೂ ಚಾರ್ಜು ಇದ್ದರೆ ನಡುವೆ ಯಾರ ಹಂಗೂ ಇಲ್ಲದೆ ಮಾತು ನಡೆಯುತ್ತದೆ. ಅದಕ್ಕೇ ಇಂಥ ಊರುಗಳಿಗೆ ಯಾವ ಸೆಟ್ಟು ಬರುತ್ತದೆ, ಅದು ಎಷ್ಟು ವರ್ಷ ಬಾಳುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಡಿಜಿಟಲ್ ಸೆಟ್ಟು ಮಾರುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಈಗ ಇದನ್ನು ಕೊಳ್ಳಿ, ನಾಳೆ ಬರುವ ಸೌಲಭ್ಯಗಳನ್ನು ತಂತ್ರಾಂಶದಿಂದಲೇ ಸೇರಿಸಿಕೊಡುತ್ತೇವೆ. ಈ ಭರವಸೆ ಅರ್ಧ ನಿಜ. ಉಳಿದರ್ಧ ಎಲ್ಲಿ ಮುರಿಯುತ್ತದೆ ಎಂದು ತಿಳಿಯಲು ಸೆಟ್ಟಿನ ಹೊಟ್ಟೆಯೊಳಗೆ ಇಣುಕಬೇಕು.

ಹಳೆಯ ಅನಲಾಗ್ ಸೆಟ್ಟಿನ ಕೆಲಸ ಸರಳ. ದನಿಯ ಏರಿಳಿತಕ್ಕೆ ತಕ್ಕಂತೆ ರೇಡಿಯೊ ಅಲೆಯ ಆವರ್ತನವೂ ಏರಿಳಿಯುತ್ತದೆ. ದೂರ ಹೆಚ್ಚಿದಂತೆ ಬುಸುಗುಡುವ ಸದ್ದು ಜೋರಾಗುತ್ತದೆ, ಆದರೂ ಪಳಗಿದ ಕಿವಿ ಅದರೊಳಗಿಂದ ಊರಿನ ಹೆಸರನ್ನು ಹೆಕ್ಕಿ ತೆಗೆಯುತ್ತದೆ. ಡಿಜಿಟಲ್ ಸೆಟ್ಟು ದನಿಯನ್ನು ಕಳಿಸುವುದೇ ಇಲ್ಲ, ದನಿಯ ವಿವರಣೆಯನ್ನು ಕಳಿಸುತ್ತದೆ. ಮಾತನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರಿನ ಸ್ವರ ಎಷ್ಟು ಎತ್ತರದ್ದು, ಅದು ‘ಆ’ದಂತೆ ಗಂಟಲಿಂದ ಬಂದದ್ದೋ ‘ಸ’ದಂತೆ ಬರೀ ಉಸಿರೋ, ಯಾವ ಪಟ್ಟಿಯಲ್ಲಿ ಎಷ್ಟು ಬಲ ಎಂದು ಅಂಕಿಗಳಲ್ಲಿ ಬರೆಯುತ್ತದೆ. ಕೇಳುವ ಸೆಟ್ಟು ಆ ಅಂಕಿ ನೋಡಿ ದನಿಯನ್ನು ಹೊಸದಾಗಿ ಕಟ್ಟುತ್ತದೆ. ಈ ಕೆಲಸ ಮಾಡುವ ಭಾಗದ ಹೆಸರು ವೊಕೋಡರ್. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ 2005ರಲ್ಲಿ ಹೊರತಂದ ಡಿಎಂಆರ್ ಪದ್ಧತಿಯ ಸೆಟ್ಟುಗಳಲ್ಲಿ ಮಾತಿಗೆ ಸಿಗುವುದು ಸೆಕೆಂಡಿಗೆ 2,450 ಬಿಟ್. ದಾರಿಯಲ್ಲಿ ಆಗುವ ತಪ್ಪನ್ನು ತಿದ್ದಿಕೊಳ್ಳಲು ಇನ್ನೂ 1,150. ಡಿಜಿಟಲ್ ದೂರವಾಣಿ ವಿನಿಮಯ ಕೇಂದ್ರ ಇದೇ ಮಾತಿಗೆ 64,000 ಬಿಟ್ ಬಳಸುತ್ತಿತ್ತು ಎಂಬುದನ್ನು ನೆನೆದರೆ ಈ ಜಿಪುಣತನ ಬೆರಗು ಹುಟ್ಟಿಸುತ್ತದೆ.

ಈ ಜಿಪುಣತನಕ್ಕೆ ಬೆಲೆಯೂ ಇದೆ. ವೊಕೋಡರಿಗೆ ಗೊತ್ತಿರುವುದು ಮನುಷ್ಯನ ಗಂಟಲು ಮಾತ್ರ. ಪಕ್ಕದಲ್ಲಿ ಹಲಗೆ ಬಾರಿಸುತ್ತಿದ್ದರೆ ಅದನ್ನೂ ಗಂಟಲಿನ ಲೆಕ್ಕದಲ್ಲೇ ವಿವರಿಸಲು ಹೋಗಿ ಮಾತನ್ನು ಕಲಸಿಬಿಡುತ್ತದೆ. 2008ರಲ್ಲಿ ಅಮೆರಿಕದ ಸರ್ಕಾರಿ ದೂರಸಂಪರ್ಕ ಪ್ರಯೋಗಾಲಯವೊಂದು ಅಗ್ನಿಶಾಮಕ ಸಿಬ್ಬಂದಿಯ ಸುತ್ತಲಿನ ಗದ್ದಲಗಳನ್ನಿಟ್ಟು ಪರೀಕ್ಷಿಸಿದಾಗ, ಕೆಲವು ಬಗೆಯ ಸದ್ದಿನಲ್ಲಿ ಹಳೆಯ ಅನಲಾಗ್ ಸೆಟ್ಟಿನ ಮಾತೇ ಹೆಚ್ಚು ಅರ್ಥವಾಗುತ್ತಿತ್ತು. ಇಲ್ಲಿ ತಂತ್ರಾಂಶ ನಿಜವಾಗಿಯೂ ನೆರವಿಗೆ ಬರುತ್ತದೆ. ಮಾತು ವೊಕೋಡರಿಗೆ ಹೋಗುವ ಮೊದಲೇ ಗದ್ದಲವನ್ನು ಸೋಸುವ ಲೆಕ್ಕವನ್ನು ಆಮೇಲೂ ತುಂಬಬಹುದು. ಆದರೆ ಆ ಲೆಕ್ಕ ಮಾಡುವ ಚಿಪ್ಪಿಗೆ ಉಳಿದ ಕೆಲಸ ಮುಗಿಸಿ ಬಿಡುವಿರಬೇಕು. ಹತ್ತು ಹದಿನೈದು ವರ್ಷದ ಹಿಂದೆ ಬ್ಯಾಟರಿ ಉಳಿಸಲೆಂದು ಆರಿಸಿದ ಚಿಪ್ಪಿನಲ್ಲಿ ಆ ಬಿಡುವು ಇರುವುದು ಅಪರೂಪ.

ನಿಜವಾದ ಗೋಡೆ ಎದುರಾಗುವುದು ಪ್ರಸಾರದ ಭಾಗದಲ್ಲಿ. ಡಿಎಂಆರ್‌ನಲ್ಲಿ 12.5 ಕಿಲೊಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು ಎರಡು ಸಂಭಾಷಣೆಗಳು 30 ಮಿಲಿಸೆಕೆಂಡಿನ ಪಾಳಿಯಲ್ಲಿ ಹಂಚಿಕೊಳ್ಳುತ್ತವೆ. ಕಾಲುವೆ ನೀರಿನ ಪಾಳಿ ಕಂಡವರಿಗೆ ಇದು ಹೊಸದಲ್ಲ: ನನ್ನ ಹೊತ್ತು ಮುಗಿದ ಕೂಡಲೇ ತೂಬು ಮುಚ್ಚಬೇಕು, ಇಲ್ಲದಿದ್ದರೆ ಪಕ್ಕದ ಹೊಲದವನ ನೀರು ಹೋಯಿತು. ಸೆಟ್ಟಿನ ಪ್ರಸಾರಕ ಸೆಕೆಂಡಿಗೆ 16ಕ್ಕೂ ಹೆಚ್ಚು ಸಲ ಪೂರ್ಣ ಶಕ್ತಿಗೆ ಏರಿ, ಒಂದೆರಡು ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿಯಬೇಕು. ಅಷ್ಟು ಚುರುಕಾಗಿ ತೆರೆದು ಮುಚ್ಚುವ ಟ್ರಾನ್ಸಿಸ್ಟರು, ಅದಕ್ಕೆ ತಕ್ಕ ಸರ್ಕಿಟ್ಟು ಬೋರ್ಡಿನ ಮೇಲೆ ಬೆಸೆದಿರಬೇಕು. ತಂತ್ರಾಂಶ ಎಷ್ಟೇ ಜಾಣವಾದರೂ ಇಲ್ಲದ ತೂಬನ್ನು ಮುಚ್ಚಲಾರದು.

ಡಿಎಂಆರ್‌ನ ಮೊದಲ ದರ್ಜೆ ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಇಲ್ಲದೆ ಸೆಟ್ಟಿಂದ ಸೆಟ್ಟಿಗೆ ನೇರ ಮಾತಾಡಲು ರೂಪಿಸಿದ್ದು, ಅಲ್ಲಿ ಪಾಳಿಯ ಗೊಡವೆಯಿಲ್ಲ, ಪ್ರಸಾರ ಎಡೆಬಿಡದೆ ಹರಿಯುತ್ತದೆ. ಆ ದರ್ಜೆಗಷ್ಟೇ ಮಾಡಿದ ಅಗ್ಗದ ಸೆಟ್ಟನ್ನು ಪಾಳಿಯಲ್ಲಿ ನಡೆಯುವ ಎರಡನೇ ದರ್ಜೆಯ ರಿಪೀಟರಿಗೆ ಹೊಂದಿಸುತ್ತೇನೆಂದು ಯಾರಾದರೂ ಹೇಳಿದರೆ ನಂಬಬಾರದು. ಅಮೆರಿಕದ ಪೊಲೀಸರ ಪಿ25 ಪದ್ಧತಿಯಲ್ಲೂ ಇದೇ ಕಥೆ. ಅದರ ಮೊದಲ ಹಂತ ಎಡೆಬಿಡದ ಪ್ರಸಾರದ್ದು, ಎರಡನೇ ಹಂತ ಎರಡು ಪಾಳಿಯದು, ವೊಕೋಡರೂ ಬೇರೆ. ಮೊದಲ ಹಂತಕ್ಕೆಂದೇ ಕಟ್ಟಿದ ಎಷ್ಟೋ ಸೆಟ್ಟುಗಳು ಎರಡನೆಯದಕ್ಕೆ ದಾಟಲೇ ಇಲ್ಲ.

ಖಟಕ ಚಿಂಚೋಳಿಯಂಥ ಕಡೆ ರಿಪೀಟರ್ ಏಕೆ ಅಷ್ಟು ಮುಖ್ಯ? ನೆಲ ಪೂರ್ತಿ ಚಪ್ಪಟೆ ಎಂದುಕೊಂಡರೂ, ಎದೆಮಟ್ಟದಲ್ಲಿ ಹಿಡಿದ ಎರಡು ಸೆಟ್ಟುಗಳ ನಡುವಿನ ನೇರ ದೃಷ್ಟಿ ಸುಮಾರು 10 ಕಿಲೊಮೀಟರಿಗೆ ಮುಗಿಯುತ್ತದೆ. ಗಿಡಮರ, ಗೋಡೆ ಅಡ್ಡ ಬಂದರೆ ಅದರರ್ಧವೂ ಸಿಗದು. ಒಂದು ಕಡೆ 30 ಮೀಟರ್ ಎತ್ತರದ ಕಂಬ ನಿಲ್ಲಿಸಿ ಅದರ ಮೇಲೆ ರಿಪೀಟರಿನ ಆಂಟೆನಾ ಇಟ್ಟರೆ ಅದೇ ದೃಷ್ಟಿ 27 ಕಿಲೊಮೀಟರಿಗೆ ಹಿಗ್ಗುತ್ತದೆ. ಆದರೆ ಬೀದರ್ ಜಿಲ್ಲೆ ಚಪ್ಪಟೆಯಲ್ಲ. ಒಂದು ಕಡೆ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ, ಇನ್ನೊಂದು ಕಡೆ ಕಾರಂಜಾ, ಮಾಂಜ್ರಾ ನದಿಗಳ ತಗ್ಗು. ತಗ್ಗಿಗಿಳಿದ ಕಾನ್‌ಸ್ಟೆಬಲ್ಲಿನ ಸೆಟ್ಟಿಗೆ ಅಂಚಿನ ಸಿಗ್ನಲ್ಲಷ್ಟೇ ಸಿಗುತ್ತದೆ. ಅಲ್ಲಿ ಡಿಜಿಟಲ್ ಮಾತು ಸ್ವಚ್ಛವಾಗಿ ಕೇಳುತ್ತಿದ್ದು ಥಟ್ಟನೆ ಕಡಿದುಹೋಗುತ್ತದೆ, ಬುಸುಗುಡುವ ಮುನ್ಸೂಚನೆಯೂ ಇಲ್ಲದೆ. ಯಾವ ಅಪ್‌ಗ್ರೇಡೂ ಗುಡ್ಡವನ್ನು ಸರಿಸದು. ಆ ಹಣ ಕಂಬಕ್ಕೆ, ಒಳ್ಳೆಯ ಆಂಟೆನಾಕ್ಕೆ ಹೋಗುವುದೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲ ಭಾಷೆಯನ್ನೂ ಆಡುವ ಒಂದೇ ರೇಡಿಯೊ ಮಾಡುವ ಕನಸನ್ನು ಅಮೆರಿಕದ ಸೇನೆ 1997ರಿಂದ ಕಂಡಿತು. ಜೆಟಿಆರ್‌ಎಸ್ ಎಂಬ ಆ ಯೋಜನೆಯಲ್ಲಿ ಪದ್ಧತಿ ಬದಲಾದರೆ ತಂತ್ರಾಂಶ ಬದಲಿಸಿದರೆ ಸಾಕು ಎಂಬ ಲೆಕ್ಕಾಚಾರವಿತ್ತು. ಕೋಟ್ಯಂತರ ಡಾಲರ್ ಸುರಿದ ಮೇಲೆ, ಅದರಲ್ಲಿ ವಾಹನಗಳಿಗೆಂದು ಮಾಡಿದ ರೇಡಿಯೊವನ್ನು 2011ರಲ್ಲಿ ಕೈಬಿಟ್ಟರು. ಅಷ್ಟು ದುಡ್ಡಿದ್ದವರಿಗೇ ಕಷ್ಟವಾದದ್ದನ್ನು ಅಂಗೈಯಗಲದ ಸೆಟ್ಟಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಕೆಲವೊಮ್ಮೆ ಹಳತಾಗುವುದು ಗುಟ್ಟಿನ ಬೀಗ. ಟೆಟ್ರಾ ಎಂಬ ಇನ್ನೊಂದು ಡಿಜಿಟಲ್ ಪದ್ಧತಿಯ ಟಿಇಎ1 ಎಂಬ ಗೂಢಲಿಪಿಯ ಕೀಲಿ ಹೆಸರಿಗೆ 80 ಬಿಟ್, ಒಳಗೆ ಅದನ್ನು 32 ಬಿಟ್ಟಿಗೆ ಕುಗ್ಗಿಸಲಾಗುತ್ತಿತ್ತು. ನೆದರ್‌ಲೆಂಡ್ಸಿನ ಮಿಡ್‌ನೈಟ್ ಬ್ಲೂ ತಂಡ ಇದನ್ನು 2023ರಲ್ಲಿ ಬಯಲು ಮಾಡಿತು. ದೌರ್ಬಲ್ಯ ಲಿಪಿಯ ಹುಟ್ಟಿನಲ್ಲೇ ಇದ್ದುದರಿಂದ ಅದಕ್ಕೆ ತೇಪೆ ಹಾಕುವಂತಿಲ್ಲ. ಬೇರೆ ಲಿಪಿಗೆ ಹೋಗಬೇಕು, ಇಲ್ಲವೇ ಮೇಲೊಂದು ಬೀಗ ಹಾಕಬೇಕು.

ಹಾಗೆಂದು ಅಪ್‌ಗ್ರೇಡೇ ಬೇಡ ಎನ್ನಲಾರೆ. 2016ರ ಸುಮಾರಿಗೆ ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೊ ಬಳಕೆದಾರರು ಟೈಟೆರಾ ಕಂಪನಿಯ ಎಂಡಿ-380 ಸೆಟ್ಟಿನ ತಂತ್ರಾಂಶವನ್ನು ತಾವೇ ಬಿಡಿಸಿ, ಕರೆಯುವವನ ಹೆಸರು ಪರದೆಯ ಮೇಲೆ ಕಾಣಲು ಜಗತ್ತಿನ ಹ್ಯಾಮ್‌ಗಳ ಪಟ್ಟಿಯನ್ನೇ ಅದರೊಳಗೆ ತುಂಬಿದರು. ತಯಾರಕರು ಯೋಚಿಸಿರದ ಕೆಲಸ ಅದು. ಆದರೆ ಅಲ್ಲೂ, 16 ಮೆಗಾಬೈಟ್ ನೆನಪಿನ ಚಿಪ್ಪಿದ್ದ ಸೆಟ್ಟಿಗಷ್ಟೇ ಆ ಭಾಗ್ಯ. 1 ಮೆಗಾಬೈಟಿನದಕ್ಕೆ ಪಟ್ಟಿ ಹಿಡಿಸಲಿಲ್ಲ.

ಆದ್ದರಿಂದ ಕೊಳ್ಳುವವರು ಇಂದು ಸೆಟ್ಟಿನಲ್ಲಿ ಓಡುತ್ತಿರುವ ಸೌಲಭ್ಯಕ್ಕಷ್ಟೇ ಹಣ ಕೊಡಲಿ, ಕಾರಂಜಾ ದಂಡೆಯ ತಗ್ಗಿನಲ್ಲಿ ನಿಂತು ಮಾತಾಡಿ ನೋಡಲಿ, ಚಾನೆಲ್ ತುಂಬುವ ತಂತ್ರಾಂಶ ಮತ್ತು ಕೇಬಲ್ಲನ್ನು ಕರಾರಿನಲ್ಲೇ ಬರೆಸಿಕೊಳ್ಳಲಿ. ಮತ್ತೊಂದು ಮಾತು ಗಡಿಗೆ ಅಂಟಿದ ಔರಾದ್ ತಾಲ್ಲೂಕಿನವರಿಗೆ ಹೆಚ್ಚು ಸಲ್ಲುತ್ತದೆ. ಬೀದರ್ ಜಿಲ್ಲೆಗೆ ಮಹಾರಾಷ್ಟ್ರ, ತೆಲಂಗಾಣ ಎರಡೂ ಗಡಿ. ಡಿಎಂಆರ್, ಪಿ25, ಟೆಟ್ರಾ ಇವು ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಪದ್ಧತಿಗಳು. ಗಡಿಯಾಚೆಯವರು ಬೇರೆ ಪದ್ಧತಿಗೆ ಹೋದರೆ ಒಂದೇ ಆವರ್ತನದಲ್ಲಿ ನಿಂತೂ ಮಾತು ಮುಟ್ಟದು. ಡಿಎಂಆರ್ ಮತ್ತು ಪಿ25 ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಅನಲಾಗ್ ಎಫ್‌ಎಂ ಕೂಡ ಉಳಿದಿರುತ್ತದೆ. ಅನುಮತಿ ಪಡೆದು ಅಂಥ ಒಂದು ಚಾನೆಲ್ಲನ್ನು ಮೂರೂ ರಾಜ್ಯಗಳಲ್ಲಿ ಕಾಯ್ದಿಟ್ಟರೆ, ಪ್ರವಾಹದ ರಾತ್ರಿ ಗಡಿಯ ಎರಡೂ ಬದಿಯ ಸಿಬ್ಬಂದಿ ನೇರವಾಗಿ ಮಾತಾಡಬಹುದು.