ಬಿದ್ದ ನಗರದಲ್ಲಿ ನಿಲ್ಲದ ನೀರು

ಹಂಪಿಗೆ ಹೋದವರು ಕಲ್ಲಿನ ರಥ, ಕಮಲ ಮಹಲ್, ಸಾಸಿವೆಕಾಳು ಗಣಪನನ್ನು ನೋಡಿ ಬರುತ್ತಾರೆ. ದಾರಿಯಲ್ಲಿ ಅಡ್ಡ ಬರುವ ತುರ್ತು ಕಾಲುವೆಯನ್ನು ದಾಟುತ್ತಾರೆ, ನೋಡುವುದಿಲ್ಲ. ವಿರೂಪಾಕ್ಷನ ಗುಡಿಯನ್ನು ಬಿಟ್ಟರೆ ಆ ಹಾಳೂರಿನಲ್ಲಿ ಕಟ್ಟಿದ ಉದ್ದೇಶಕ್ಕೇ ಇಂದಿಗೂ ಬಳಕೆಯಾಗುತ್ತಿರುವುದು ಬಹುಮಟ್ಟಿಗೆ ಈ ನೀರಿನ ಕೆಲಸ ಮಾತ್ರ. ಒಂದು ಬೆಳಿಗ್ಗೆ ಅದರ ಜೊತೆ ನಡೆದು ನೋಡೋಣ.

ಕೃಷ್ಣ ದೇವಾಲಯದಿಂದ ದಕ್ಷಿಣಕ್ಕೆ ಇಳಿದರೆ ಉಗ್ರನರಸಿಂಹನ ವಿಗ್ರಹ ಸಿಗುತ್ತದೆ. ಕೃಷ್ಣದೇವರಾಯನು 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ್ದು. ಪಕ್ಕದ ಸಣ್ಣ ಗುಡಿಯಲ್ಲಿ ಬಡವಿಲಿಂಗ. ಬಡ ಹೆಂಗಸೊಬ್ಬಳು ಮಾಡಿಸಿದಳೆಂದು ಈ ಹೆಸರಂತೆ. ಆಳೆತ್ತರವನ್ನೂ ಮೀರಿದ ಈ ಲಿಂಗದ ಬುಡ ಸದಾ ನೀರಿನಲ್ಲಿ. ಅದು ಮಳೆಯ ನೀರಲ್ಲ, ಕಾಲುವೆಯದು. ಗದ್ದೆಗೆ ಹೋಗುವ ನೀರೇ ದಾರಿಯಲ್ಲಿ ಶಿವನಿಗೂ ಅಭಿಷೇಕವಾಗುತ್ತದೆ.

ಈ ನೀರು ಬರುವುದು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ. ಅಣೆಕಟ್ಟು ಎಂದೊಡನೆ ಇಂದಿನ ಎತ್ತರದ ಗೋಡೆ ಕಣ್ಣಿಗೆ ಬರುತ್ತದೆ. ಅಂದಿನವರ ಉಪಾಯವೇ ಬೇರೆ. ನದಿಯಲ್ಲಿ ತಾನಾಗಿ ಇದ್ದ ಬಂಡೆಗಳ ನಡುವಿನ ಸಂದುಗಳಲ್ಲಿ ಗಾರೆಯಿಲ್ಲದೆ ದೊಡ್ಡ ಕಲ್ಲುಗಳನ್ನು ಪೇರಿಸಿದರು. ಒಡ್ಡು ತಗ್ಗಾಗಿಯೇ ಉಳಿಯಿತು. ಪ್ರವಾಹ ಬಂದರೆ ಅದು ಹೊಳೆಯ ಜೊತೆ ಜಗಳಕ್ಕೆ ನಿಲ್ಲದು. ನೀರು ಮೇಲೆ ಹರಿದು ಹೋಗುತ್ತದೆ. ನಾಲ್ಕು ಕಲ್ಲು ಜಾರಿದರೆ ಊರವರೇ ಮತ್ತೆ ಇಡಬಹುದು. ಇದಕ್ಕೆ ಎದುರಾಗಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್ ಒಂದು ದೊಡ್ಡ ಕೆರೆಯ ಕತೆ ಬರೆದಿದ್ದಾನೆ. ಅದರ ಏರಿ ಎರಡು ಮೂರು ಸಲ ಒಡೆಯಿತೆಂದೂ, ಕೊನೆಗೆ ಅರಸನು ಅರವತ್ತು ಜನರನ್ನು ಬಲಿ ಕೊಡಿಸಿದನೆಂದೂ ಅವನ ಹೇಳಿಕೆ. ನಿಜವೋ, ಪರದೇಶಿಯ ಕಿವಿಗೆ ಬಿದ್ದ ವದಂತಿಯೋ! ನೀರನ್ನು ತಡೆದು ನಿಲ್ಲಿಸುವ ಕೆಲಸ ಎಷ್ಟು ಭಯದ್ದೆಂದು ಮಾತ್ರ ಅದರಿಂದ ತಿಳಿಯುತ್ತದೆ.

ಮುಂದೆ ಕಾಲುವೆ ಮಾತಂಗ ಬೆಟ್ಟದ ದಕ್ಷಿಣದ ಕಣಿವೆಗೆ ಹೊರಳುತ್ತದೆ. ಹೆಸರು ತುರ್ತು, ನಡಿಗೆ ನಿಧಾನ. ಬೆಟ್ಟದ ಅಂಚು ಹಿಡಿದು, ಇಳಿಜಾರನ್ನು ಅಳೆದು ಅಳೆದು ಸಾಗುತ್ತದೆ. ಎರಡೂ ಕಡೆ ಬಾಳೆ, ತೆಂಗು, ಕಬ್ಬು, ಭತ್ತ. ಉತ್ತರಕ್ಕೆ ದೇವಾಲಯಗಳು, ದಕ್ಷಿಣಕ್ಕೆ ಅರಮನೆಯ ಪ್ರದೇಶ, ನಡುವೆ ಹೊಲಗದ್ದೆ. ಇದು ಹಾಳಾದ ಮೇಲೆ ಬಂದ ಬೇಸಾಯವಲ್ಲ. ಕೋಟೆಯ ಒಳಗೇ ಅನ್ನ ಬೆಳೆಯುವಂತೆ ನಗರವನ್ನು ಕಟ್ಟಿದ್ದರು.

1565ರ ಯುದ್ಧದ ನಂತರ ಅರಸರು ಹೋದರು, ಪೇಟೆ ಹೋಯಿತು. ಕಾಲುವೆಯ ಹೂಳೆತ್ತಲು ಆಳುವವರೇ ಬೇಕೆಂದಿಲ್ಲವಲ್ಲ! ನೀರು ಉಣ್ಣುವ ರೈತರಿದ್ದರು, ಸಾಕಾಯಿತು.

ಇಲ್ಲೊಂದು ತೊಡಕಿದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಮಾರಕ ಉಳಿಸುವವರಿಗೆ ಬಾಳೆತೋಟ ಒತ್ತುವರಿಯಂತೆ ಕಾಣುತ್ತದೆ. ಅವರ ಮಾತು ಪೂರ್ತಿ ಸುಳ್ಳಲ್ಲ: ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲಿ ಆಗಾಗ ನೀರು ತುಂಬುತ್ತದೆ, ಹೊಸ ಸಾಲು ಗಿಡ ನೆಡುವಾಗ ಹಳೆಯ ತಳಪಾಯ ಕದಲಬಹುದು. ಆದರೆ ಕಲ್ಲಿನ ಕಂಬಗಳನ್ನು ಉಳಿಸಿ ಅವಕ್ಕಿಂತ ಹಿರಿದಾದ ನೀರಾವರಿಯನ್ನೇ ಹೊರಗಿನದೆಂದು ಎಣಿಸುವುದು ನನಗೆ ಸರಿಕಾಣದು. ಒಂದು ಪಾಲು ಆಗಲೇ ಕಣ್ಮರೆಯಾಗಿದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಹೊಸಪೇಟೆಯ ಮೇಲ್ಭಾಗದ ಹಳೆಯ ಒಡ್ಡುಗಳು ಮುಳುಗಿದವು; ರಾಯ, ಬಸವ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು.

ಹೋಗುವವರು ಬಿಸಿಲೇರುವ ಮುಂಚೆ ಹೊರಡಿ. ಬದು ಕಿರಿದು, ಒಬ್ಬರ ಹಿಂದೊಬ್ಬರು ನಡೆಯಬೇಕು. ಎದುರಿಗೆ ಸಲಿಕೆ ಹೊತ್ತ ರೈತ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಅವರು ಮಡೆ ತಿರುಗಿಸಲು ಹೊರಟಿರುತ್ತಾರೆ.