ಸಮುದಾಯ ಬೀಜ ಬ್ಯಾಂಕಿಗೆ ಸಂಘದ ರೂಪ: ನೋಂದಣಿಯ ಕ್ರಮ ಮತ್ತು ಬೈಲಾದಲ್ಲಿ ಇರಬೇಕಾದ ಅಂಶಗಳು

ನಾಡತಳಿಗಳ ಬೀಜವನ್ನು ಸಂಗ್ರಹಿಸಿ, ಬೆಳೆದು, ಹಂಚುವ ಕಾರ್ಯವು ನಮ್ಮ ರಾಜ್ಯದ ಹಲವು ಹಳ್ಳಿಗಳಲ್ಲಿ ಒಬ್ಬಿಬ್ಬರು ಆಸಕ್ತ ರೈತರ ಶ್ರಮದಿಂದ ನಡೆದಿದೆ. ರಾಜಮುಡಿ, ರತ್ನಚೂಡಿಯಂತಹ ಭತ್ತದ ತಳಿಗಳು ಇಂದಿಗೂ ಉಳಿದಿರುವುದರಲ್ಲಿ ಇಂಥವರ ಪಾಲು ದೊಡ್ಡದು. ಆದರೆ ಸಾಮಾನ್ಯ ಶೇಖರಣೆಯಲ್ಲಿ ಬೀಜದ ಮೊಳಕೆ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುವುದರಿಂದ, ಬೀಜವನ್ನು ಕಾಲಕಾಲಕ್ಕೆ ಬಿತ್ತಿ ಹೊಸದಾಗಿ ಪಡೆಯಲೇಬೇಕು. ಜವಾಬ್ದಾರಿ ಹೊತ್ತ ವ್ಯಕ್ತಿ ಕಾಯಿಲೆ ಬಿದ್ದರೆ, ಊರು ಬಿಟ್ಟರೆ ಅಥವಾ ತೀರಿಕೊಂಡರೆ ಕೆಲವೇ ಹಂಗಾಮುಗಳಲ್ಲಿ ಸಂಗ್ರಹವೂ ನಶಿಸುತ್ತದೆ. ಆದ್ದರಿಂದ ಬೀಜ ಬ್ಯಾಂಕಿಗೆ ಕಾನೂನುಬದ್ಧ ಸಂಘದ ರೂಪ ನೀಡುವುದು ಅಗತ್ಯ. ನೋಂದಣಿ ಪತ್ರ ದೊರೆತ ಮಾತ್ರಕ್ಕೆ ಬೀಜ ಉಳಿಯದು. ಬೀಜವನ್ನು ಉಳಿಸುವುದು ಸಂಘದ ಬೈಲಾ. ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಈ ಎರಡನ್ನೂ ಒಟ್ಟಿಗೆ ಗಮನಿಸಬೇಕು.

ಯಾವ ಕಾನೂನಿನಡಿ ನೋಂದಣಿ?

ಮೊದಲು ತೀರ್ಮಾನಿಸಬೇಕಾದುದು ಸಂಘದ ಹೆಸರಲ್ಲ, ಅದರ ಸ್ವರೂಪ. ಹಣ ಉಳಿದರೆ ಸದಸ್ಯರು ಹಂಚಿಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ನೇರವಾಗಿ ಕೇಳಿಕೊಳ್ಳಿರಿ.

ಬೀಜ ಅಥವಾ ಉತ್ಪನ್ನವನ್ನು ಮಾರಿ ಲಾಭ ಹಂಚಿಕೊಳ್ಳುವುದು ಉದ್ದೇಶವಾಗಿದ್ದರೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಡಿ ಸಹಕಾರ ಸಂಘವನ್ನಾಗಲಿ, ಕಂಪನಿ ಕಾಯ್ದೆಯಡಿ ರೈತ ಉತ್ಪಾದಕ ಕಂಪನಿಯನ್ನಾಗಲಿ ಸ್ಥಾಪಿಸುವುದು ಸೂಕ್ತ. ಉತ್ಪಾದಕ ಕಂಪನಿಗೆ ಕನಿಷ್ಠ 10 ಮಂದಿ ಉತ್ಪಾದಕರು ಮತ್ತು 5 ಮಂದಿ ನಿರ್ದೇಶಕರು ಬೇಕು.

ಟ್ರಸ್ಟ್ ಆಗಬೇಕಿದ್ದರೆ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಟ್ರಸ್ಟ್ ಪತ್ರವನ್ನು ನೋಂದಾಯಿಸಲಾಗುತ್ತದೆ. ಅಲ್ಲಿ ತೀರ್ಮಾನಗಳು ಟ್ರಸ್ಟಿಗಳ ಕೈಯಲ್ಲಿರುತ್ತವೆ. ಬೀಜ ಪಡೆಯುವ ರೈತರಿಗೆ ಮತದ ಹಕ್ಕು ಇರುವುದಿಲ್ಲ.

ಸದಸ್ಯರೆಲ್ಲರಿಗೂ ಸಮಾನ ಮತ ಇರಬೇಕು, ಉಳಿತಾಯವನ್ನು ಮತ್ತೆ ಅದೇ ಕಾರ್ಯಕ್ಕೆ ತೊಡಗಿಸಬೇಕು ಎಂಬುದು ನಿಮ್ಮ ಆಶಯವಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960 ಸರಿಯಾದ ಆಯ್ಕೆ. ಉಪಯುಕ್ತ ಜ್ಞಾನದ ಪ್ರಸಾರ, ವಿಜ್ಞಾನ, ಶಿಕ್ಷಣ ಹಾಗೂ ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆಯ ಉದ್ದೇಶಗಳಿಗೆ ಈ ಅಧಿನಿಯಮದಲ್ಲಿ ಅವಕಾಶವಿದೆ. ಮುಂದೆ ಮಾರಾಟ ಬೆಳೆದರೆ ಅದಕ್ಕಾಗಿ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಬಹುದು. ದೇಸಿ ಬೀಜ ಸಂರಕ್ಷಣೆಗೆ ಹೆಸರಾದ ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆಯು ಸಂರಕ್ಷಣೆಯ ಕಾರ್ಯವನ್ನು ಲಾಭರಹಿತವಾಗಿ ಉಳಿಸಿಕೊಂಡು, ಮಾರುಕಟ್ಟೆಗೆ ಉತ್ಪಾದಕ ಕಂಪನಿಯ ಮಾರ್ಗ ಹಿಡಿದಿರುವುದು ಇದಕ್ಕೆ ಉದಾಹರಣೆ.

ನೋಂದಣಿಯ ಹಂತಗಳು

ಸಂಘ ಸ್ಥಾಪನೆಗೆ 18 ವರ್ಷ ಮೀರಿದ ಕನಿಷ್ಠ 7 ಮಂದಿ ಬೇಕು. ಒಂದೇ ಮನೆಯವರ ಬದಲು ಬೇರೆ ಬೇರೆ ಕುಟುಂಬಗಳ, ಸಾಧ್ಯವಾದರೆ ಬೇರೆ ಬೇರೆ ಕೇರಿಗಳ ರೈತರನ್ನು ಸೇರಿಸಿಕೊಳ್ಳಿರಿ. ಮನೆಯಲ್ಲಿ ಬೀಜ ಆಯ್ದು, ಒಣಗಿಸಿ, ಕಾಪಿಡುವವರು ಹೆಚ್ಚಾಗಿ ಮಹಿಳೆಯರೇ ಆದುದರಿಂದ ಸ್ಥಾಪಕ ಸದಸ್ಯರಲ್ಲಿ ಅವರು ಇರಲೇಬೇಕು.

ಮೊದಲ ಸಭೆಯಲ್ಲಿ ಸಂಘದ ಹೆಸರು, ಕಚೇರಿಯ ವಿಳಾಸ, ಆಡಳಿತ ಮಂಡಳಿಯ ಪದಾಧಿಕಾರಿಗಳು ಹಾಗೂ ಅರ್ಜಿ ಸಲ್ಲಿಸಲು ಅಧಿಕಾರ ಪಡೆದವರ ಕುರಿತು ಠರಾವು ಅಂಗೀಕರಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಬೇಕು. ಈಗಾಗಲೇ ನೋಂದಣಿಯಾದ ಸಂಘವನ್ನು ಹೋಲುವ ಹೆಸರಾಗಲಿ, ಸರ್ಕಾರದ ಸಂಸ್ಥೆಯೆಂಬ ಭಾವನೆ ಮೂಡಿಸುವ ಹೆಸರಾಗಲಿ ಬೇಡ. ಎರಡು ಮೂರು ಹೆಸರುಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿಯೊಂದಿಗೆ ಎರಡು ಮುಖ್ಯ ದಾಖಲೆಗಳಿರುತ್ತವೆ. ಒಂದು, ಸಂಘದ ಹೆಸರು, ಉದ್ದೇಶ ಮತ್ತು ಆಡಳಿತ ಮಂಡಳಿಯ ವಿವರಗಳುಳ್ಳ ಜ್ಞಾಪನ ಪತ್ರ. ಇನ್ನೊಂದು, ಸಂಘ ನಡೆಯಬೇಕಾದ ರೀತಿಯನ್ನು ತಿಳಿಸುವ ನಿಯಮಾವಳಿ, ಅಂದರೆ ಬೈಲಾ. ಇವುಗಳ ಜೊತೆಗೆ ಸಾಮಾನ್ಯವಾಗಿ ಸದಸ್ಯರ ಗುರುತಿನ ಚೀಟಿಯ ಪ್ರತಿಗಳು, ಕಚೇರಿ ಇರುವ ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ, ಕಂದಾಯ ರಸೀದಿ ಮತ್ತು ನಿಗದಿತ ಶುಲ್ಕ ಬೇಕಾಗುತ್ತವೆ. ನಮ್ಮ ರಾಜ್ಯದಲ್ಲಿ ಈ ಕಾರ್ಯ ಸಹಕಾರ ಇಲಾಖೆಗೆ ಸೇರಿದ್ದು, ಆ ಇಲಾಖೆಯ ಅಧಿಕಾರಿಗಳೇ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಾಗಿ ಕಾರ್ಯ ನಿರ್ವಹಿಸುತ್ತಾರೆ. ಪ್ರಸ್ತುತ ಶುಲ್ಕ ಮತ್ತು ನಮೂನೆಗಳನ್ನು ಆ ಕಚೇರಿಯಲ್ಲಿಯೇ ವಿಚಾರಿಸಿರಿ.

ನೋಂದಣಿಯಾದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್ ಸಂಖ್ಯೆ ಪಡೆದು, ಕನಿಷ್ಠ ಇಬ್ಬರ ಜಂಟಿ ಸಹಿಯಿಂದ ನಡೆಯುವ ಬ್ಯಾಂಕ್ ಖಾತೆ ತೆರೆಯಬೇಕು. ಆದಾಯ ತೆರಿಗೆ ವಿನಾಯಿತಿ ತಾನಾಗಿ ದೊರೆಯುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

ಬೈಲಾದಲ್ಲಿ ಬೀಜಕ್ಕೆ ಸಂಬಂಧಿಸಿದ ನಿಯಮಗಳು

ಬೆರಳಚ್ಚು ಅಂಗಡಿಗಳಲ್ಲಿ ಸಿಗುವ ಸಿದ್ಧ ಬೈಲಾದಲ್ಲಿ ಸದಸ್ಯತ್ವ, ಸಭೆ, ಕೋರಂ, ಚುನಾವಣೆ ಮತ್ತು ಲೆಕ್ಕಪತ್ರಗಳ ನಿಯಮಗಳಿರುತ್ತವೆ. ಯುವಕ ಸಂಘಕ್ಕೂ ಭಜನಾ ಮಂಡಳಿಗೂ ಅದು ಸಾಕು. ಬೀಜ ಬ್ಯಾಂಕಿಗೆ ಕೆಳಗಿನ ಅಂಶಗಳನ್ನು ಸೇರಿಸಲೇಬೇಕು.

1. ಬೀಜದ ಒಡೆತನ: ಸದಸ್ಯರು ನೀಡಿದ ಬೀಜ ಸಂಘದ ಸ್ವತ್ತು, ಯಾವ ಪದಾಧಿಕಾರಿಯ ಸ್ವಂತದ್ದೂ ಅಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ತಳಿ ನೀಡಿದ ರೈತರ ಹೆಸರು, ಊರು ಮತ್ತು ತಳಿಯ ಗುಣಗಳನ್ನು ತಳಿ ವಹಿಯಲ್ಲಿ ದಾಖಲಿಸಬೇಕು.

2. ಸಾಲ ಮತ್ತು ಮರುಪಾವತಿ: ಪಡೆದ ಬೀಜಕ್ಕೆ ಎಷ್ಟು ಪಾಲು ಹೆಚ್ಚು ಹಿಂದಿರುಗಿಸಬೇಕು ಎಂಬುದನ್ನು ನಿಗದಿಪಡಿಸಬೇಕು. ಒಂದೂವರೆ ಪಟ್ಟು ಎಂದಾದರೆ 10 ಕೆ.ಜಿ. ಪಡೆದವರು 15 ಕೆ.ಜಿ. ಕೊಡಬೇಕು. ಬೆಳೆ ಕೈಕೊಟ್ಟ ವರ್ಷ ಮರುಪಾವತಿಯನ್ನು ಮುಂದಿನ ಹಂಗಾಮಿಗೆ ಮುಂದೂಡುವ ಅಧಿಕಾರ ಯಾರದು ಎಂಬುದನ್ನೂ ಬರೆಯಬೇಕು.

3. ಕಾಪು ದಾಸ್ತಾನು: ಯಾವ ತಳಿಯನ್ನೂ ಪೂರ್ತಿಯಾಗಿ ಹಂಚಬಾರದು. ನಾಟಿ ಭತ್ತಕ್ಕೆ ಎಕರೆಗೆ ಸುಮಾರು 25 ಕೆ.ಜಿ. ಬೀಜ ಬೇಕು. 75 ಕೆ.ಜಿ. ದಾಸ್ತಾನಿದ್ದರೆ 50 ಕೆ.ಜಿ. ಹಂಚಿ 25 ಕೆ.ಜಿ. ಉಳಿಸಿಕೊಂಡರೆ, ಮಳೆ ಕೈಕೊಟ್ಟು ಹಂಚಿದ್ದೆಲ್ಲ ಹೋದರೂ ಮರುವರ್ಷ ಒಂದು ಎಕರೆ ನಾಟಿ ಮಾಡಬಹುದು. ಮೂರನೇ ಒಂದು ಭಾಗ ಮುಟ್ಟಬಾರದೆಂಬ ನಿಯಮ ತಳಿಯೊಂದರ ಉಳಿವನ್ನೇ ನಿರ್ಧರಿಸಬಹುದು.

4. ಗುಣಮಟ್ಟ: ಹಿಂದಿರುಗಿ ಬರುವ ಬೀಜಕ್ಕೆ ಅಳತೆಗೋಲು ಬೇಕು. ಬೀಜ ಪ್ರಮಾಣೀಕರಣದ ಕನಿಷ್ಠ ಮಟ್ಟಗಳನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು: ಭತ್ತಕ್ಕೆ ಮೊಳಕೆ ಶೇ. 80, ತೇವಾಂಶ ಶೇ. 13ಕ್ಕೆ ಮೀರದಂತೆ, ರಾಗಿಗೆ ಶೇ. 75 ಮತ್ತು ಶೇ. 12, ತೊಗರಿಗೆ ಶೇ. 75 ಮತ್ತು ಶೇ. 9. ಒದ್ದೆ ಬಟ್ಟೆಯಲ್ಲಿ 100 ಬೀಜಗಳನ್ನಿಟ್ಟು ಮೊಳಕೆ ಎಣಿಸುವ ಪರೀಕ್ಷೆಯನ್ನು ಪ್ರತಿ ಹಂಗಾಮಿಗೆ ಮುನ್ನ ಇಬ್ಬರು ಸದಸ್ಯರ ಎದುರಿನಲ್ಲಿ ನಡೆಸಿ ದಾಖಲಿಸಬೇಕು.

5. ಉತ್ತರಾಧಿಕಾರ: ಪ್ರತಿ ತಳಿಯನ್ನೂ ಕನಿಷ್ಠ ಇಬ್ಬರು ರೈತರು ಬೇರೆ ಬೇರೆ ಹೊಲಗಳಲ್ಲಿ ಬೆಳೆಯಬೇಕು. ಬೀಜ ಕೊಠಡಿಯ ಕೀಲಿ ಮತ್ತು ವಹಿಗಳನ್ನು ಹೊಸ ಪದಾಧಿಕಾರಿಗಳಿಗೆ ವಹಿಸಿಕೊಡಲು ದಿನಗಳ ಮಿತಿ ಇರಬೇಕು.

6. ವಿಸರ್ಜನೆ: ಸಂಘ ವಿಸರ್ಜನೆಯಾದರೆ ಉಳಿದ ಸ್ವತ್ತನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಇದೇ ಬಗೆಯ ಉದ್ದೇಶವುಳ್ಳ ಬೇರೆ ಸಂಘಕ್ಕೆ ಸೇರಬೇಕು. ಬೀಜ ಯಾವ ಸಂಘಕ್ಕೆ ಹೋಗಬೇಕೆಂಬುದನ್ನು ಸದಸ್ಯರು ಮೊದಲೇ ಯೋಚಿಸಿಡಬೇಕು, ಏಕೆಂದರೆ ಬೀಜ ಬಹುಕಾಲ ಕಾಯಲಾರದು.

ಪ್ರತಿ ವರ್ಷದ ಕರ್ತವ್ಯಗಳು

ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು, ಪರಿಶೋಧಿಸಿದ ಲೆಕ್ಕಪತ್ರಗಳನ್ನು ಮಂಡಿಸಬೇಕು. ಅನಂತರ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ಅಧಿನಿಯಮದ 13ನೇ ಪ್ರಕರಣದಂತೆ ನೋಂದಣಾಧಿಕಾರಿಯವರಿಗೆ ಸಲ್ಲಿಸಬೇಕು. ಹಣದ ವ್ಯವಹಾರ ಇಲ್ಲವೆಂದು ಹಲವು ಸಣ್ಣ ಸಂಘಗಳು ಇದನ್ನು ಕೈಬಿಡುತ್ತವೆ. ಅನುದಾನ ಅಥವಾ ಯೋಜನೆಯ ನೆರವು ಬರುವ ಸಮಯಕ್ಕೆ ಹಳೆಯ ವರ್ಷಗಳ ಬಾಕಿಯನ್ನೆಲ್ಲ ದಂಡಸಹಿತ ಸರಿಪಡಿಸಬೇಕಾಗುತ್ತದೆ. ಬೈಲಾ ತಿದ್ದುಪಡಿಯನ್ನು ಸಭೆ ಒಪ್ಪಿದರೆ ಸಾಲದು. ಅದು ನೋಂದಣಾಧಿಕಾರಿಗಳ ಕಚೇರಿಯಲ್ಲಿಯೂ ದಾಖಲಾಗಬೇಕು. ಹಣದ ಲೆಕ್ಕದಂತೆಯೇ ಬೀಜದ ದಾಸ್ತಾನಿನ ಲೆಕ್ಕವನ್ನೂ ಅದೇ ಸಭೆಯಲ್ಲಿ ಓದಿ ಹೇಳುವ ಪದ್ಧತಿ ಇರಲಿ.

ಬೀಜ ಮಾರಾಟ ಮತ್ತು ರೈತರ ಹಕ್ಕು

ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ 39ನೇ ಪ್ರಕರಣವು ರೈತರು ತಾವು ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ವಿನಿಮಯ ಮಾಡಿಕೊಳ್ಳಲು ಮತ್ತು ಮಾರಲು ಅವಕಾಶ ನೀಡಿದೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನ ಪೊಟ್ಟಣದಲ್ಲಿ ಮಾರಲು ಈ ಹಕ್ಕು ಅನ್ವಯಿಸದು. ಸಂಘವು ಬೀಜ ಮಾರಾಟವನ್ನೇ ವ್ಯಾಪಾರವಾಗಿ ಕೈಗೊಂಡರೆ ಬೀಜ (ನಿಯಂತ್ರಣ) ಆದೇಶ, 1983ರಡಿ ಪರವಾನಗಿ ಪಡೆಯಬೇಕಾಗುತ್ತದೆ. ಆದ್ದರಿಂದ ಸದಸ್ಯರ ನಡುವಿನ ಸಾಲ ಮತ್ತು ವಿನಿಮಯವನ್ನೇ ಮುಖ್ಯ ಕಾರ್ಯವಾಗಿ ಇಟ್ಟುಕೊಳ್ಳುವುದು ಸುರಕ್ಷಿತ.

ಇದೇ ಅಧಿನಿಯಮದಡಿ ರೈತ ತಳಿಗಳನ್ನು ರೈತರು ಶುಲ್ಕವಿಲ್ಲದೆ ನೋಂದಾಯಿಸಬಹುದು. ತಳಿ ಸಂರಕ್ಷಿಸಿದ ಸಮುದಾಯಗಳಿಗೆ 10 ಲಕ್ಷ ರೂಪಾಯಿಗಳ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿಯೂ ಇದೆ. ಇಂಥ ಅರ್ಜಿಗಳಿಗೆ ತಳಿ ವಹಿ, ನಡಾವಳಿ ಪುಸ್ತಕ ಮತ್ತು ಸಂಘದ ಖಾತೆ ಬಲವಾದ ಆಧಾರಗಳಾಗುತ್ತವೆ.

ವಿಸ್ತರಣಾ ಕಾರ್ಯಕರ್ತರು ಅರ್ಜಿ ತುಂಬಿಸುವುದಕ್ಕೆ ಮೊದಲು ಸದಸ್ಯರನ್ನು ಕೂರಿಸಿ, ಬೈಲಾದ ಪ್ರತಿ ನಿಯಮವನ್ನು ಗಟ್ಟಿಯಾಗಿ ಓದಿ, ಒಪ್ಪಿಗೆ ಪಡೆಯಬೇಕು. ತಮಗೆ ಅರ್ಥವಾಗದ ನಿಯಮವನ್ನು ಯಾರೂ ಪಾಲಿಸಲಾರರು. ತಳಿ ಗುರುತಿಸುವಿಕೆ, ಮೊಳಕೆ ಪರೀಕ್ಷೆ ಮತ್ತು ಶೇಖರಣೆಯ ತಾಂತ್ರಿಕ ಸಲಹೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ. ಮುಂಗಾರಿನ ಬಿತ್ತನೆ ಆರಂಭವಾದ ಮೇಲೆ ಸಭೆಗೆ ಬಿಡುವು ಸಿಗದು. ಬೇಸಿಗೆಯಲ್ಲಿಯೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.