ಕೆರೆಗೊಂದು ಸುತ್ತು

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಜನರಾದ ನಾವು ನೀರೆಂದರೆ ಹೊಳೆಯೆಂದೇ ತಿಳಿದವರು. ಹೊಳೆಯ ದಂಡೆಗುಂಟ ಎಷ್ಟು ದೂರ ನಡೆದರೂ ಬಂದ ಹಾದಿಯಲ್ಲೇ ಹಿಂದಿರುಗಬೇಕು. ಕೆರೆಯ ಮಾತು ಬೇರೆ. ನೀರನ್ನು ಬಲಗಡೆಗೆ ಇಟ್ಟುಕೊಂಡು ಹೊರಟವನು ಯಾರನ್ನೂ ದಾರಿ ಕೇಳದೆ ಹೊರಟಲ್ಲಿಗೇ ಬಂದು ಮುಟ್ಟುತ್ತಾನೆ. ಪ್ರದಕ್ಷಿಣೆಯ ರೂಢಿಯುಳ್ಳ ನಮಗೆ ಇದನ್ನು ಕಲಿಸಬೇಕಾದುದಿಲ್ಲ. ಆದರೆ ಗುಡಿಯ ಸುತ್ತು ನಾಲ್ಕೂ ಕಡೆಗೆ ಒಂದೇ ಬಗೆಯದು. ಕೆರೆಯ ಸುತ್ತು ಹಾಗಲ್ಲ. ಇದನ್ನು ಅರಿಯದೆ ಮಕ್ಕಳುಮರಿಗಳೊಡನೆ ಹೊರಟವರು ಅರ್ಧ ದಾರಿಯಲ್ಲಿ ರಾಡಿಯಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ನಾಡಿನ ಕೆರೆಗಳು ಬಹುಮಟ್ಟಿಗೆ ಮನುಷ್ಯನೇ ಕಟ್ಟಿದವು. ಎರಡು ಏರುಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿದರೆ ಕೆರೆಯಾಯಿತು. ಹೀಗಾಗಿ ಅದರ ಸುತ್ತಿನಲ್ಲಿ ಮೂರು ಬಗೆಯ ದಾರಿಗಳಿರುತ್ತವೆ. ಒಡ್ಡಿನ ಮೇಲಿನದು ನೇರ, ಸಪಾಟು. ಅಜ್ಜಂದಿರೂ ಸುಖವಾಗಿ ನಡೆಯಬಹುದು. ಎರಡು ಪಕ್ಕಗಳಲ್ಲಿ ದಿಬ್ಬ, ಗಿಡಗಂಟಿ, ದನಗಳು ತುಳಿದು ಮಾಡಿದ ಕಾಲುದಾರಿ. ಮೂರನೆಯದು ಹಳ್ಳ ಬಂದು ಕೂಡುವ ತುದಿ. ಒಡ್ಡಿನ ಮೇಲೆ ನಿಂತವರಿಗೆ ಅದು ಹಸಿರು ಗೆರೆಯಂತೆ ಕಾಣುತ್ತದೆಯೇ ಹೊರತು ಅದರ ನಿಜಸ್ವರೂಪ ತಿಳಿಯುವುದಿಲ್ಲ. ಹಳ್ಳವು ಹೊತ್ತು ತಂದ ಮಣ್ಣೆಲ್ಲ, ನೀರಿನ ವೇಗ ಕುಗ್ಗಿದೊಡನೆ, ಅಲ್ಲಿಯೇ ಕೆಳಗೆ ಕೂಡುತ್ತದೆ. ಮೇಲೆ ಹುಲ್ಲು, ಒಳಗೆ ಹೂಳು. ಎರೆಮಣ್ಣಿನ ಸೀಮೆಯಲ್ಲಾದರೆ ಮೊಣಕಾಲ ತನಕ ಹುಗಿಯುವುದೂ ಉಂಟು. ಆದುದರಿಂದ ಈ ತುದಿಯಲ್ಲಿ ನೀರಂಚನ್ನು ಬಿಟ್ಟು ಮೇಲಕ್ಕೆ ಸರಿದು, ಗಟ್ಟಿ ನೆಲ ಸಿಕ್ಕಲ್ಲಿ ಹಳ್ಳ ದಾಟಬೇಕು. ದಾಟಲು ಬಾರದಿದ್ದರೆ ಹಿಂದಿರುಗಬೇಕು. ಸುತ್ತು ಪೂರ್ತಿಯಾಗಲಿಲ್ಲವೆಂದು ಹಟ ಹಿಡಿಯುವುದು ತರವಲ್ಲ.

ಎಷ್ಟು ಹೊತ್ತು ಹಿಡಿದೀತು? ಕೆರೆ ಗುಂಡಗಿದ್ದರೆ ಅದರ ಸುತ್ತಳತೆ ಅಡ್ಡಳತೆಯ ಮೂರು ಪಟ್ಟಿಗಿಂತ ತುಸು ಹೆಚ್ಚು. ಆದರೆ ಕೆರೆಯ ಅಂಚು ಬೆರಳು ಚಾಚಿದ ಅಂಗೈಯಂತೆ ಒಳಹೊಕ್ಕು ಹೊರಬರುವುದರಿಂದ ಇನ್ನಷ್ಟು ಕೂಡಿಸಿಕೊಳ್ಳಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ನೋಡಿದವರಿಗೆ ಈ ಲೆಕ್ಕ ಬೇಗ ತಿಳಿದೀತು. ೧೮೬೪ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಆ ಕೆರೆಯ ಸುತ್ತು ಸುಮಾರು ೫ ಕಿಲೋಮೀಟರು. ಗಿಡಮರಗಳ ನೆರಳಿನಲ್ಲಿ ಹಾದಿಯಿದೆ. ಕುವೆಂಪು ಅವರು ತಿರುಗಾಡಿದ ಹಾದಿಯೆಂದೂ ಅದಕ್ಕೆ ಹೆಸರು. ತಾಸಿಗೆ ೪ ಕಿಲೋಮೀಟರು ನಡೆಯುವವರಿಗೆ ಒಂದೂಕಾಲು ತಾಸು ಸಾಕು. ಮಾಡಿದ ಹಾದಿಯಿಲ್ಲದ ಕೆರೆಗೆ ಇದರ ಇಮ್ಮಡಿ ಹೊತ್ತು ಇಟ್ಟುಕೊಳ್ಳಿ. ಮಕ್ಕಳಿದ್ದರೆ ಬುತ್ತಿಯನ್ನೂ ಕಟ್ಟಿಕೊಳ್ಳಿ.

ಕಾಲಮಾನದ ಮಾತು. ಸಹ್ಯಾದ್ರಿಗೆ ಹತ್ತಿರದ ನಿಪ್ಪಾಣಿಗೆ ಬೀಳುವಷ್ಟು ಮಳೆ ಅಥಣಿಗೆ ಇಲ್ಲ. ಆದರೂ ಎಲ್ಲೆಡೆಗೂ ದೀಪಾವಳಿಯಿಂದ ಶಿವರಾತ್ರಿಯ ತನಕದ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿಯುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ದೂರ ನಿಂತು ನೋಡಿರಿ, ದಾಟಬೇಡಿರಿ. ಮೊಣಕಾಲ ಮಟ್ಟದ ಓಡುವ ನೀರು ಗಟ್ಟಿಮುಟ್ಟಾದ ಆಳನ್ನೂ ಕೆಡವಬಲ್ಲುದು. ಪಾಚಿಗಟ್ಟಿದ ಕಲ್ಲು ಅದಕ್ಕೆ ಸಹಾಯ ಮಾಡುತ್ತದೆ. ಅಥಣಿ, ನಿಪ್ಪಾಣಿಗಳ ಕುಶಲ ಕೈಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಬಗ್ಗೆ ನನಗೆ ಬಹಳ ಅಭಿಮಾನವಿದೆ. ಆದರೆ ತೊಗಲಿನ ಅಟ್ಟೆ ಒದ್ದೆಗಲ್ಲಿನ ಮೇಲೆ ಜಾರುತ್ತದೆ, ನೀರು ಕುಡಿದರೆ ಕೆಡುತ್ತದೆ. ಅದನ್ನು ಪೇಟೆಗೆ ಇಟ್ಟುಕೊಂಡು ಕೆರೆಗೆ ಹಿಡಿತವುಳ್ಳ ಬೂಟು ಹಾಕುವುದು ಒಳಿತು.

ನಿಪ್ಪಾಣಿಯವರಿಗೆ ಜವಾಹರ ತಲಾವು ಊರ ಬದಿಯಲ್ಲೇ ಇದೆ. ಅದು ಊರಿನ ಕುಡಿಯುವ ನೀರು ಎಂಬುದನ್ನು ಮಾತ್ರ ಮರೆಯಬಾರದು. ಇಂಥ ಕೆರೆಗಳಲ್ಲಿ ಕಾವಲುಗಾರರನ್ನು ಕೇಳಿಕೊಂಡೇ ಒಡ್ಡು ಹತ್ತಬೇಕು. ಹೊಳೆಗೆ ಬಿದ್ದ ಕಸ ಹರಿದು ಹೋಗುತ್ತದೆ, ಮುಂದಿನ ಊರಿನವರ ಪಾಲಿಗೆ! ಕೆರೆಗೆ ಬಿದ್ದದ್ದು ಹಾಗೆ ಹೋಗಲಾರದು. ದೀಪಾವಳಿಯಲ್ಲಿ ಎಸೆದುದು ಮುಂದಿನ ಮಳೆಗೆ ಕೋಡಿ ಬೀಳುವ ತನಕ ಅದೇ ನೀರಿನಲ್ಲಿ ನೆನೆಯುತ್ತಿರುತ್ತದೆ. ಅಷ್ಟರಲ್ಲಿ ನಮ್ಮ ಕೊಡಕ್ಕೂ ಬರುತ್ತದೆ. ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಮರಳಿ ಮನೆಗೆ ತರಬೇಕು. ಕೈಕಾಲು ತೊಳೆಯಲು ಬೇರೆ ನೀರು ಒಯ್ಯಬೇಕು.

ದಟ್ಟ ಕಾಡಿನೊಳಗಿನ ಕೆರೆ ನೋಡಬೇಕೆನ್ನುವವರು ಖಾನಾಪುರದ ಕಡೆಗೆ ಮುಖ ಮಾಡುತ್ತಾರೆ. ಅದು ಕರಡಿಯ ಸೀಮೆ. ನಸುಕು ಮತ್ತು ಮುಸ್ಸಂಜೆಯಲ್ಲಿ ನೀರಿನ ಹಕ್ಕು ಮೃಗಗಳದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ದಾರಿ ಬಲ್ಲವರಿಲ್ಲದೆ ಹೋಗಕೂಡದು.

ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಷನ್ನುಗಳಲ್ಲಿ ಬೆಳಗಾವಿಯ ಕಡೆಯ ಗಾಡಿ ಹತ್ತುವವರಿಗೆ ಘಟಪ್ರಭಾ ಸಮೀಪ. ಅಲ್ಲಿಂದ ಹತ್ತಿರದ ಧೂಪದಾಳದಲ್ಲಿ ಹೊಳೆಗೆ ಕಟ್ಟಿದ ಹಳೆಯ ಒಡ್ಡಿನ ಹಿಂದೆ ನೀರು ಹರಡಿದೆ; ೧೯೭೪ರಿಂದ ಅದು ಪಕ್ಷಿಧಾಮ. ಇಲ್ಲಿ ಪೂರ್ತಿ ಸುತ್ತು ಹಾಕಲು ಬರುವುದಿಲ್ಲ, ದಂಡೆಗುಂಟ ಹೋಗಿ ಬರಬೇಕಷ್ಟೆ. ಆದರೆ ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೌಂಚಗಳು ಕಾಣಸಿಗುತ್ತವೆ. ದುರ್ಬೀನು ಇದ್ದರೆ ಒಯ್ಯಿರಿ. ಹಕ್ಕಿಗಳು ಕತ್ತೆತ್ತಿ ನಿಮ್ಮ ಕಡೆ ನೋಡತೊಡಗಿದರೆ ಅಲ್ಲಿಯೇ ನಿಲ್ಲಿರಿ. ಇನ್ನು ನಾಲ್ಕು ಹೆಜ್ಜೆ ಮುಂದಿಟ್ಟರೆ ಹಿಂಡೆಲ್ಲ ಎದ್ದು ಹೋಗುತ್ತದೆ.